ಪೀಕಾಕ್ ಮ್ಯಾಂಟಿಸ್ ಸಾಕಲು ಅಕ್ರಿಲಿಕ್ ಟ್ಯಾಂಕ್, ಚಿಲ್ಲರ್: ಕುಂಬಳೆಯ ಸೆಕೆಯಲ್ಲಿ ಬಳಸಿ ನೋಡಿದ ಮೇಲೆ

ಮನೆಯಲ್ಲಿ ಪೀಕಾಕ್ ಮ್ಯಾಂಟಿಸ್ ಸಿಗಡಿ (ಮುಂಗೈಯಿಂದ ಗುದ್ದಿ ಚಿಪ್ಪು ಒಡೆದು ತಿನ್ನುವ ಕಡಲ ಜೀವಿ) ಇದೆ ಅಂದ ಕೂಡಲೇ ಜನ ಕೇಳುವುದು, "ಗಾಜು ಒಡೆಯುವುದಿಲ್ವಾ?" 1998ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮೌತ್‌ನ ಸೀ ಲೈಫ್ ಸೆಂಟರಿನಲ್ಲಿ ಟೈಸನ್ ಎಂಬ ಮ್ಯಾಂಟಿಸ್ ಟ್ಯಾಂಕಿನ ಗಾಜು ಒಡೆದಿತ್ತು, ನಿಜ. ಆದರೆ ಅಂಥದ್ದು ತೀರಾ ಅಪರೂಪ. ನಮ್ಮ ಕಾಸರಗೋಡು ಕಡೆ ಈ ಜೀವಕ್ಕೆ ಕುತ್ತು ಬರುವುದು ಸೆಕೆಯಿಂದ, ಉಪ್ಪಿನ ಏರಿಳಿತದಿಂದ. ಕೆಲವು ಬೇಸಗೆ, ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯ ಇಷ್ಟೇ: ದಪ್ಪ ಟ್ಯಾಂಕಿಗೆ ಸುರಿಯುವ ದುಡ್ಡನ್ನು ನೀರು ತಂಪು ಮಾಡುವ ಚಿಲ್ಲರ್‌ಗೂ ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್‌ಗೂ ಹಾಕಿ.

ಟ್ಯಾಂಕ್ ಸುಮಾರು 150 ಲೀಟರಿನದ್ದು. ಪೀಕಾಕ್ ಮ್ಯಾಂಟಿಸ್ 18 ಸೆಂ.ಮೀ. ತನಕ ಬೆಳೆಯುತ್ತದೆ, ಇದಕ್ಕಿಂತ ಚಿಕ್ಕ ಟ್ಯಾಂಕ್ ಬೇಡ. ಅದರ ಮುಂಗೈ ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆಯುತ್ತದೆ. ಆ ರಭಸಕ್ಕೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಅದು ಇನ್ನೊಂದು ಏಟು ಬಿದ್ದ ಹಾಗೆ. ಅಕ್ರಿಲಿಕ್ ಗಾಜಿನಂತೆ ಚೂರಾಗುವುದಿಲ್ಲ ಎಂಬ ಧೈರ್ಯ ಇದೆ. ಆದರೆ ಗೀರು ಬೀಳುತ್ತದೆ. ಒರೆಸುವ ಮ್ಯಾಗ್ನೆಟ್ಟಿನಲ್ಲಿ ಒಂದೇ ಒಂದು ಮರಳಿನ ಕಣ ಸಿಕ್ಕಿದರೂ ಸಾಕು. ಈಗ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮುಂದಿನ ಫಲಕದ ತುಂಬ ಗೆರೆ ಕಾಣುತ್ತದೆ. ಟ್ಯಾಂಕಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ.

ಚಿಲ್ಲರ್‌ಗೆ ಐದಕ್ಕೆ ಐದು. ಮಾರ್ಚ್‌ನಿಂದ ಮೇ ತನಕ ನಮ್ಮಲ್ಲಿ ಬರೀ ಪಂಪು ಓಡಿಸಿದರೆ ನೀರು 30 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಜೀವಕ್ಕೆ ಬೇಕಾಗುವುದು ಮಾತ್ರ ಜಾಸ್ತಿ. ಚಿಲ್ಲರ್ 25ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಟ್ಯಾಂಕಿನ ಮೇಲೆ ಫ್ಯಾನ್ ಇಟ್ಟರೆ ಸಾಲದೇ ಅಂತ ಕೇಳುವವರಿದ್ದಾರೆ. ಫ್ಯಾನ್ ತಂಪು ಮಾಡುವುದು ನೀರು ಆವಿಯಾದರೆ ಮಾತ್ರ. ಕರಾವಳಿಯ ಈ ಜಿಗುಟು ಹವೆಯಲ್ಲಿ ಅದು ಸರಿಯಾಗಿ ಆಗುವುದೇ ಇಲ್ಲ. ಒಂದು ಮಾತು ನೆನಪಿರಲಿ: ಚಿಲ್ಲರ್ ಬಿಸಿ ಗಾಳಿ ಉಗುಳುತ್ತದೆ, ಕಿಟಕಿ ಪಕ್ಕ ಇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರಿನಿಂದ ಏರ್ ಪಂಪ್ ಮಾತ್ರ ಓಡಿಸುತ್ತೇನೆ. ಅಷ್ಟು ನೀರು ಒಮ್ಮೆಲೇ ಬಿಸಿಯಾಗುವುದಿಲ್ಲ.

ಉಪ್ಪಿನ ವಿಷಯಕ್ಕೆ ಬರುತ್ತೇನೆ. ಮನೆಗೆ ಬಂದಿದ್ದ ತಂಗಿಯ ಗಂಡ ಕೇಳಿದರು, "ಭಾವಾ, ಹತ್ತು ನಿಮಿಷ ನಡೆದರೆ ಕಡಲು ಉಂಟಲ್ಲ, ಉಪ್ಪಿನ ಪುಡಿಗೆ ಯಾಕೆ ದುಡ್ಡು?" ಮಳೆಗಾಲದಲ್ಲಿ ಶಿರಿಯ ಹೊಳೆ ತುಂಬಿ ಅಳಿವೆಗೆ ಬಂದಾಗ ದಡದ ನೀರಿನ ಉಪ್ಪು ಎಲ್ಲಿಗೆ ಇಳಿಯುತ್ತದೆ ಅಂತ ರಿಫ್ರಾಕ್ಟೋಮೀಟರಿನಲ್ಲಿ ಅವರಿಗೇ ತೋರಿಸಿದೆ. ಬೇಕಾಗಿರುವುದು ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ವರ್ಷವಿಡೀ ಅಷ್ಟೇ. ಹಾಗಾಗಿ ಆರ್‌ಓ ನೀರಿಗೆ (ಫಿಲ್ಟರಿನಲ್ಲಿ ಲವಣ ತೆಗೆದ ನೀರು) ಸಮುದ್ರದ ಉಪ್ಪಿನ ಮಿಶ್ರಣ ಬೆರೆಸುವುದೇ ಸರಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಬರೀ ಆರ್‌ಓ ನೀರು ಹಾಕಬೇಕು. ಉಪ್ಪು ಅಳೆಯಲು ಮುಳ್ಳು ತಿರುಗುವ ಅಗ್ಗದ ಹೈಡ್ರೋಮೀಟರ್ ನಂಬಬೇಡಿ, ಮುಳ್ಳಿಗೆ ಗುಳ್ಳೆ ಅಂಟಿದರೆ ಸುಳ್ಳು ಹೇಳುತ್ತದೆ.

ನಮ್ಮವರು ಖಂಡಿತ ತಿಳಿದಿರಬೇಕಾದ್ದು ತಾಮ್ರದ ವಿಷಯ. ಅಡಿಕೆಗೆ ಕೊಳೆರೋಗದ ಮದ್ದು ಬಿಡುತ್ತೇವಲ್ಲ, ಆ ಬೋರ್ಡೋದಲ್ಲಿ ಇರುವುದು ಮೈಲುತುತ್ತು, ಅಂದರೆ ತಾಮ್ರ. ಸಿಗಡಿ, ಏಡಿ ಜಾತಿಗೆ ಸ್ವಲ್ಪ ತಾಮ್ರವೂ ವಿಷ. ತೋಟದ ಬಕೆಟ್ ಟ್ಯಾಂಕಿನ ಹತ್ತಿರ ಬರಲೇಬಾರದು. ಮದ್ದು ಬಿಟ್ಟ ಕೈ ಚೆನ್ನಾಗಿ ತೊಳೆಯದೆ ನೀರಿಗೆ ಹಾಕಬಾರದು. ಟ್ಯಾಂಕ್ ಮಾರಿದ ಅಂಗಡಿಯವರು "ಮೀನಿಗೆ ರೋಗ ಬಂದರೆ ಹಾಕಿ" ಅಂತ ಸುಮ್ನೆ ಕೊಟ್ಟ ಬಾಟಲಿಯ ಚೀಟಿಯಲ್ಲೂ ಕಾಪರ್ ಸಲ್ಫೇಟ್ ಅಂತ ಬರೆದಿತ್ತು. ಮ್ಯಾಂಟಿಸ್‌ಗೆ ಅಂತ ಹೇಳಿಯೇ ತಂದಿದ್ದ ನನಗೆ ಅದನ್ನು ಕೊಟ್ಟದ್ದು ತುಂಬಾ ಬೇಸರ ತಂದಿತು. ಇನ್ನೊಂದು, ಹವಳದ ಕಲ್ಲು ಕೊಡುತ್ತೇವೆ ಅಂದರೆ ಬೇಡ ಅನ್ನಿ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಿರಾಮಿಕ್ ಕಲ್ಲು, ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು ಸಾಕು. ಪೈಪನ್ನೇ ಅದು ಬಿಲ ಮಾಡಿಕೊಳ್ಳುತ್ತದೆ. ಹೊಸ ಟ್ಯಾಂಕಿನ ನೀರು ಹದವಾಗಲು ನಾಲ್ಕರಿಂದ ಆರು ವಾರ ಬೇಕು, ಜೀವಕ್ಕೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಜೀವ ಬಿಡಿ.

ಇಷ್ಟೆಲ್ಲ ಯಾಕೆ ಅಂದರೆ, ಒಂದು ಮರುವಾಯಿ (ಕಪ್ಪೆಚಿಪ್ಪು) ಹಾಕಿ ನೋಡಿ. ಬಿಲದ ಬಾಯಿಯಲ್ಲಿ ಮೊದಲು ಕಣ್ಣು ಬರುತ್ತದೆ, ಎರಡೂ ಬೇರೆ ಬೇರೆ ಕಡೆ ತಿರುಗುತ್ತಾ. ಹೊರಗೆ ಬಂದು ಮೀಸೆಯಿಂದ ಚಿಪ್ಪನ್ನು ತಡವಿ, ತಿರುಗಿಸಿ, ಕಲ್ಲಿಗೆ ಒತ್ತಿ ಇಟ್ಟುಕೊಳ್ಳುತ್ತದೆ. ಆಮೇಲೆ ಟಕ್, ಟಕ್. ಅಡುಗೆಮನೆಗೆ ಕೇಳಿಸುತ್ತದೆ. ಮತ್ತೆ ತಿರುಗಿಸಿ ಮತ್ತೊಂದು ಏಟು, ಅಂಚು ಮುರಿಯುವ ತನಕ.

ಕೆಲವೊಮ್ಮೆ ಬಿಲದ ಬಾಯಿಗೆ ಕಲ್ಲು ತುಂಬಿ ಊಟ ಬಿಟ್ಟು ಒಳಗೇ ಕೂರುತ್ತದೆ. ಪೊರೆ ಬಿಡುವ ಸಮಯ ಅದು. ಕೋಲು ಹಾಕಿ ಕೆದಕಬೇಡಿ. ಕೊನೆಗೆ ಕಾಲು, ಮುಂಗೈ ಎಲ್ಲ ಇರುವ ಖಾಲಿ ಪೊರೆ ಹೊರಗೆ ಬಿದ್ದಿರುತ್ತದೆ. ಸತ್ತೇ ಹೋಯಿತು ಅಂತ ಗಾಬರಿಯಾಗಬೇಡಿ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅದಕ್ಕೆ ಹೊಡೆಯಲು ಆಗುವುದಿಲ್ಲ. ಆ ದಿನಗಳಲ್ಲಿ ಉಪ್ಪು, ಬಿಸಿ ಸ್ವಲ್ಪವೂ ಏರುಪೇರಾಗಬಾರದು. ಚಿಲ್ಲರ್ ನಿಜವಾಗಿ ಬೇಕಾಗುವುದು ಆಗಲೇ.

ಕೊಳ್ಳುವ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ನನ್ನ ಚಿಲ್ಲರಿನ ಫ್ಯಾನ್ ಕೆಟ್ಟಾಗ ಮಂಗಳೂರಿನಲ್ಲಿ ಸಿಗಲಿಲ್ಲ, ಕೊಚ್ಚಿಯಿಂದ ತರಿಸಬೇಕಾಯಿತು.