ವೈರ್‌ಲೆಸ್ ಚಾರ್ಜಿಂಗ್ ಪಟ್ಟಿ ತಗೊಳ್ಳೋಕೆ ಮುಂಚೆ ಒಂದ್ನಿಮಿಷ ಇದನ್ನ ಓದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಟ್ರಾನ್ಸ್‌ಫಾರ್ಮರ್ ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತು ಮಾರ್ಕಿಗೆ ಬರೆದು ಪಾಸಾದವನು. ಅಂಥವನೇ ಟೋಪಿ ಹಾಕಿಸಿಕೊಂಡು ಬಂದಿದ್ದೇನೆ. ಅದಕ್ಕೇ ಮೂರು ದಿನ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ.

ನನ್ನ ಫೋನಿಗೆ ವೈರ್‌ಲೆಸ್ ಚಾರ್ಜಿಂಗ್ ಇಲ್ಲ. ಹಿಂಭಾಗ ಗಾಜಿನ ಹಾಗೆ ಫಳಫಳ ಅನ್ನುತ್ತದೆ, ಒಳಗೆ ಪ್ಯಾಡಿನಿಂದ ಕರೆಂಟ್ ಹಿಡಿಯುವ ತಂತಿ ಸುರುಳಿ ಮಾತ್ರ ಇಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟು ಎಸ್‌ಪಿ ರೋಡಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ವೈರ್‌ಲೆಸ್ ಚಾರ್ಜಿಂಗ್ ಪ್ಯಾಡಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 15 ವ್ಯಾಟ್ ಅಂತ ಇತ್ತು, ನಿಂತೆ. 'ಸಾರ್, ಯಾವ ಫೋನಾದ್ರೂ ಆಗುತ್ತೆ, ಹಿಂದೆ ಈ ಪಟ್ಟಿ ಅಂಟಿಸಿದ್ರೆ ಮುಗೀತು, ಪ್ಯಾಡ್ ಮೇಲೆ ಎಲ್ಲಿ ಇಟ್ರೂ ಚಾರ್ಜ್' ಅಂದ ಅಂಗಡಿಯವ. ಪಟ್ಟಿ ಅಂದರೆ ಒಳಗೆ ಸುರುಳಿ ಇರುವ ತೆಳು ಹಾಳೆ, ಅದರ ಪಿನ್ ಫೋನಿನ ಚಾರ್ಜಿಂಗ್ ತೂತಿಗೆ ಹೋಗುತ್ತದೆ. ಪ್ಯಾಡು 900 ರೂಪಾಯಿ, ಪಟ್ಟಿ 350.

ಎಲ್ಲಿ ಇಟ್ಟರೂ ಅಂತೆ! ಆಪಲ್‌ನವರೇ 2017ರಲ್ಲಿ ಎಲ್ಲಿ ಬೇಕಾದರೂ ಇಡಬಹುದು ಅಂತ ಏರ್‌ಪವರ್ ಅನ್ನೋ ಚಾರ್ಜಿಂಗ್ ಪ್ಯಾಡ್ ತೋರಿಸಿ, 2019ರಲ್ಲಿ ಆಗಲ್ಲಪ್ಪ ಅಂತ ಕೈಬಿಟ್ಟರು. ಇದು ನನಗೆ ಗೊತ್ತಿತ್ತು. ಆ ಹೊತ್ತಿಗೆ ತಲೆಗೆ ಬರಲಿಲ್ಲ, ಅಷ್ಟೇ.

ಈಗ ಕೇಳಿ, ನಾನು ಬಿದ್ದದ್ದು ಎಲ್ಲಿ ಅಂತ. ಮೊದಲು ತನ್ನದೇ ಫೋನ್ ಇಟ್ಟು ತೋರಿಸಿದ. ನಾನೂ ಹುಷಾರು ಅಂತ ತೋರಿಸಿಕೊಳ್ಳೋಕೆ 'ನಂದರಲ್ಲಿ ತೋರಿಸಿ' ಅಂದೆ. ನನ್ನ ಕವರ್ ತೆಗೆದು ಪಕ್ಕಕ್ಕಿಟ್ಟು, ಪಟ್ಟಿಯ ಪಿನ್ನನ್ನು ಟೈಪ್ ಸಿ ತೂತಿಗೆ ಚುಚ್ಚಿ, ಪ್ಯಾಡ್ ಮೇಲೆ ಇಟ್ಟ. ಟಿಂಗ್ ಅಂತು. ಪರದೆಯಲ್ಲಿ 'ಚಾರ್ಜಿಂಗ್' ಅಂತ ಬಂತು. ನಾನು ಮಗುವಿನ ಹಾಗೆ ನಕ್ಕೆ, ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಒಂದು ನಿಮಿಷದಲ್ಲಿ ಶೇಕಡಾವಾರು ಏರಿತೋ ಇಲ್ಲವೋ ಯಾರು ನೋಡುತ್ತಾರೆ? ಆಮೇಲೆ ಅವನೇ ಕವರ್ ಹಾಕಿಕೊಟ್ಟ. ಆ ಕವರಿನ ಒಳಗೆ ಕಾರಿನ ಮ್ಯಾಗ್ನೆಟ್ ಸ್ಟ್ಯಾಂಡಿಗೆ ಅಂತ ಅಂಟಿಸಿದ್ದ ಕಬ್ಬಿಣದ ತಗಡು ಇದೆ. ಕಣ್ಣಾರೆ ನೋಡಿದ್ದಾನೆ, ಅದರ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದ್ದಾನೆ, ಒಂದು ಮಾತು ಹೇಳಲಿಲ್ಲ.

ರಾತ್ರಿ 18 ಶೇಕಡಾ ಇದ್ದಾಗ ಇಟ್ಟು ಮಲಗಿದೆ. ಬೆಳಿಗ್ಗೆ 26. ಎಂಟು ಗಂಟೆಗೆ ಎಂಟು ಶೇಕಡಾ! ಫೋನ್ ಎತ್ತಿದರೆ ಬಿಸಿ ಕಾಫಿ ಲೋಟ ಹಿಡಿದ ಹಾಗೆ. ಕವರಿನ ಒಳಗಡೆ ತಗಡಿನ ಅಳತೆಗೇ ಚೌಕವಾಗಿ ಕಂದು ಕಲೆ. ಇಂಡಕ್ಷನ್ ಒಲೆ ಮೇಲೆ ಕಬ್ಬಿಣದ ಕಾವಲಿ ಕಾಯುತ್ತದಲ್ವಾ, ಹಾಗೇ ಇದೂ ಕಾದಿದೆ. ಸರಿಯಾದ ಪ್ಯಾಡು ಮಧ್ಯೆ ಲೋಹ ಸಿಕ್ಕರೆ ತಾನೇ ನಿಲ್ಲಬೇಕು. ಇದು ರಾತ್ರಿಯಿಡೀ ತಗಡನ್ನೇ ಕಾಯಿಸಿದೆ.

ತಗಡು ಕಿತ್ತು ಮತ್ತೆ ನೋಡಿದೆ. ಎರಡು ಗಂಟೆಗೆ 20 ಶೇಕಡಾ ಏರಿತು. ವೈರ್‌ನಲ್ಲಿ ಅಷ್ಟರಲ್ಲಿ ಪೂರ್ತಿ ತುಂಬಿರುತ್ತದೆ. ಪಟ್ಟಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 5 ವೋಲ್ಟ್, 1 ಆಂಪ್ ಅಂತ ಇದೆ. ಅಂದರೆ ಹೆಚ್ಚೆಂದರೆ 5 ವ್ಯಾಟ್. ಎಷ್ಟು ಕರೆಂಟ್ ಬೇಕು ಅಂತ ಕೇಳುವುದು ಫೋನಿನ ಕಡೆಯ ಪಟ್ಟಿ, ಪ್ಯಾಡ್ 15 ಇದ್ದರೇನು 50 ಇದ್ದರೇನು. ಇದನ್ನೂ ನಾನು ಓದಿದವನೇ.

ಅಂಗಡಿಯವನನ್ನೇ ವಾಟ್ಸಾಪ್‌ನಲ್ಲಿ ಕೇಳಿದೆ. 'ಅಡಾಪ್ಟರ್ ಯಾವ್ದು ಸಾರ್?' ಫೋಟೋ ಕಳಿಸಿದೆ. 'ಇದು ಸರಿ ಇಲ್ಲ, ಫಾಸ್ಟ್ ಚಾರ್ಜರ್ ಹಾಕಿ.' ಅದು ಫಾಸ್ಟ್ ಚಾರ್ಜರೇ. 'ಹಂಗಾದ್ರೆ ನಿಮ್ಮ ಫೋನ್ ಪ್ರಾಬ್ಲಮ್.' ತಗಡಿನ ವಿಷಯ ಎತ್ತಿದೆ. 'ನೀವು ಕೇಳಲಿಲ್ವಲ್ಲ ಸಾರ್.' ವಾಪಸ್ ತಗೊಳ್ಳಿ ಅಂದರೆ, 'ಅಂಟಿಸಿದ ಮಾಲು ವಾಪಸ್ ಇಲ್ಲ.' ಅಂಟಿಸಿದ್ದು ಯಾರಪ್ಪಾ, ನಾನಾ? ಬಿಲ್ ಅಂತ ಕೊಟ್ಟಿದ್ದನ್ನು ಆಮೇಲೆ ಬಿಡಿಸಿ ನೋಡಿದರೆ ಮೇಲೆ 'ಎಸ್ಟಿಮೇಟ್' ಅಂತ ಇದೆ, ಅಂಗಡಿ ಹೆಸರೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡೋಣ ಅಂದರೆ ಯಾವ ಮುಖ ಇಟ್ಟುಕೊಂಡು ಮಾಡಲಿ?

ಫೋನಿನಲ್ಲೇ ವೈರ್‌ಲೆಸ್ ಚಾರ್ಜಿಂಗ್ ಇಲ್ಲದಿದ್ದರೆ ಸುಮ್ನೆ ವೈರ್ ಚುಚ್ಚಿ. ಇದ್ದರೆ ಪ್ಯಾಡ್ ಮೇಲೆ 'ಚೀ' (Qi) ಗುರುತು ನೋಡಿ, ಅದು ವೈರ್‌ಲೆಸ್ ಚಾರ್ಜಿಂಗಿನ ಸ್ಟ್ಯಾಂಡರ್ಡ್ ಗುರುತು. ಡಬ್ಬದ ಮೇಲೆ 'ಚೀ ಕಂಪ್ಯಾಟಿಬಲ್' ಅಂತ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ನಿಜವಾಗಿ ಪರೀಕ್ಷೆ ಪಾಸಾದ ಮಾಲಿನ ಲಿಸ್ಟು ಈ ಗುರುತು ಕೊಡುವ ವೈರ್‌ಲೆಸ್ ಪವರ್ ಕನ್ಸೋರ್ಷಿಯಂನವರ ವೆಬ್‌ಸೈಟಲ್ಲಿದೆ, ಅಲ್ಲಿ ಮಾಡೆಲ್ ನಂಬರ್ ಹಾಕಿ ಹುಡುಕಿ. ಕವರಿನಲ್ಲಿ ತಗಡು ಇದ್ದರೆ ಕಿತ್ತು ಎಸೆಯಿರಿ. ಬಿಲ್ಲು ಅಂಗಡಿಯಲ್ಲೇ ಬಿಡಿಸಿ ಓದಿ, ನನ್ನ ಹಾಗೆ ಬಸ್ಸಲ್ಲಿ ಕೂತು ಓದಬೇಡಿ.

ನನ್ನ ಕೊನೆಯ ಮೂರು ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಆದರೆ ನಿನ್ನೆ ಅದೇ ನಂಬರಿನಿಂದ ಒಂದು ಫೋಟೋ ಬಂತು: 'ನ್ಯೂ ಸ್ಟಾಕ್ ಸಾರ್, ಮ್ಯಾಗ್ನೆಟ್ ಇರೋದು, ಯಾವ ಫೋನಾದ್ರೂ ಆಗುತ್ತೆ.'