‘ಫ್ರೀ ರಿಟರ್ನ್’ ನಂಬಿ 88 ಕೀಗಳ ಕೀಬೋರ್ಡ್ ತರಿಸುವ ಮುನ್ನ ಇದನ್ನು ಓದಿ

ನಡೆದದ್ದು ಇಷ್ಟು. ಆನ್‌ಲೈನ್‌ನಲ್ಲಿ ತರಿಸಿದ 88 ಕೀಗಳ ಒಂದು ಡಿಜಿಟಲ್ ಪಿಯಾನೋ. ಎರಡು ಕೀ ಒತ್ತಿದರೆ ಟಕ್ ಎನ್ನುತ್ತಿದ್ದವು, ಇನ್ನೊಂದು ಎಷ್ಟು ಮೆಲ್ಲಗೆ ಒತ್ತಿದರೂ ಕಿರುಚುತ್ತಿತ್ತು. ಪುಟದಲ್ಲಿ ‘30 ದಿನ, ಸುಲಭ ವಾಪಸಾತಿ’ ಎಂದಿತ್ತು. ಕೊಂಡವರು ರಿಟರ್ನ್ ಫಾರ್ಮ್ ತೆರೆದು, ವಾದವೇಕೆ, ಬೇಗ ಮುಗಿಯಲಿ ಎಂದು ಕಾರಣಗಳ ಪಟ್ಟಿಯಲ್ಲಿ ‘ಇಷ್ಟವಾಗಲಿಲ್ಲ’ ಒತ್ತಿದರು. ಅಲ್ಲಿಗೆ ಸಾಗಣೆ ಖರ್ಚು ಅವರ ತಲೆಗೆ ಬಂತು. ಮೂಲ ಡಬ್ಬ ಅಷ್ಟರಲ್ಲಿ ರದ್ದಿಗೆ ಹೋಗಿತ್ತು. ಕೊರಿಯರ್‌ನವರು ಕೈಗೆ ಸಿಕ್ಕ ದೊಡ್ಡ ಡಬ್ಬದಲ್ಲಿ ಕಟ್ಟಿದರು. ವಾದ್ಯದ ತೂಕ 12 ಕಿಲೋ, ಬಿಲ್ ಆದದ್ದು 56 ಕಿಲೋಗೆ. ಅತ್ತ ಡಬ್ಬ ತೆರೆದಾಗ ಒಂದು ಮೂಲೆ ಬಿರುಕು ಬಿಟ್ಟಿತ್ತು. ಅದಕ್ಕೊಂದು ಕಡಿತ, ಮೂಲ ಪ್ಯಾಕಿಂಗ್ ಇಲ್ಲವೆಂದು 15% ಮರುದಾಸ್ತಾನು ಶುಲ್ಕ (ವಸ್ತುವನ್ನು ಮತ್ತೆ ಮಾರಾಟಕ್ಕಿಡುವ ಖರ್ಚು), ಮೊದಲು ಕಳಿಸಿದ ಡೆಲಿವರಿ ಖರ್ಚೂ ಕಡಿತ. ಕೈಗೆ ಬಂದದ್ದು ಕೊಟ್ಟ ಹಣದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಾರಿದವರ ಮೇಲೆ ದೂರು ಕೊಡೋಣವೆಂದರೆ, ಒಂದೊಂದು ಕಡಿತವೂ ನಿಯಮಗಳ ಪುಟದಲ್ಲಿ ಮೊದಲೇ ಬರೆದಿತ್ತು.

ಮೊದಲು ಆ 56 ಕಿಲೋ ಎಲ್ಲಿಂದ ಬಂತು ನೋಡಿ. ಕೊರಿಯರ್‌ನವರು ಎರಡು ತೂಕ ಲೆಕ್ಕ ಹಾಕುತ್ತಾರೆ: ತಕ್ಕಡಿ ತೋರಿಸುವುದು ಒಂದು, ಡಬ್ಬ ಗಾಡಿಯಲ್ಲಿ ಹಿಡಿಯುವ ಜಾಗದ ಲೆಕ್ಕದ್ದು ಇನ್ನೊಂದು. ಯಾವುದು ಹೆಚ್ಚೋ ಅದಕ್ಕೆ ಬಿಲ್. ಎರಡನೆಯದಕ್ಕೆ ವಾಲ್ಯೂಮೆಟ್ರಿಕ್ ತೂಕ ಎನ್ನುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಕೆಲವರು 4000 ಅಥವಾ 6000 ಹಿಡಿಯುತ್ತಾರೆ, ಕೇಳಿಕೊಳ್ಳಿ. ಈ ಪಿಯಾನೋ ಬಂದ ಡಬ್ಬ 140×40×25, ಅಂದರೆ 28 ಕಿಲೋ. ಹೋದ ಡಬ್ಬ 160×50×35, ಅಂದರೆ 56. ಪ್ರತಿ ಬದಿಗೆ 10–20 ಸೆಂಟಿಮೀಟರ್ ಸೇರಿದ್ದಕ್ಕೆ ತೂಕ ಇಮ್ಮಡಿ. ಇದರ ಮೇಲೆ ಉದ್ದದ ದಂಡ ಬೇರೆ: ಅತಿ ಉದ್ದದ ಬದಿ ಸುಮಾರು 120 ಸೆಂ.ಮೀ. ದಾಟಿದರೆ ಹಲವು ಕೊರಿಯರ್‌ಗಳು ಹೆಚ್ಚುವರಿ ನಿರ್ವಹಣಾ ಶುಲ್ಕ ಹಾಕುತ್ತವೆ. ಮಡಚಲಾಗದ 88 ಕೀಗಳ ಯಾವ ವಾದ್ಯವೂ ಆ ಮಿತಿಯೊಳಗೆ ಬರುವುದಿಲ್ಲ. 61 ಕೀಗಳದ್ದು ಸಾಮಾನ್ಯವಾಗಿ ಬರುತ್ತದೆ.

ಇದೇ ಲೆಕ್ಕದಲ್ಲಿ, ಡಬ್ಬ ಸಮೇತ ಐದಾರು ಕಿಲೋದ ಅಕೌಸ್ಟಿಕ್ ಗಿಟಾರ್ 115×45×18ರ ಡಬ್ಬದಲ್ಲಿ ಸುಮಾರು 19 ಕಿಲೋ ಆಗುತ್ತದೆ. 12 ಇಂಚಿನ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್ 70×45×45ರಲ್ಲಿ 28 ದಾಟುತ್ತದೆ. ಡ್ರಮ್ ಸೆಟ್ಟಿನ ಕತೆ ಇನ್ನೂ ಕೆಟ್ಟದು. ಬೇಸ್ ಡ್ರಮ್ಮಿನ ಡಬ್ಬ ಒಂದೇ 60×60×50 ಇದ್ದರೆ 36 ಕಿಲೋ, ಅದರಲ್ಲಿ ಬಹುಪಾಲು ಗಾಳಿ. ಸೆಟ್ ಎರಡು ಮೂರು ಡಬ್ಬಗಳಲ್ಲಿ ಬಂದಿದ್ದರೆ ಒಂದೊಂದಕ್ಕೂ ಪ್ರತ್ಯೇಕ ಬಿಲ್. ಮೈಕ್, ಪೆಡಲ್, ಆಡಿಯೋ ಇಂಟರ್‌ಫೇಸ್ (ಮೈಕ್, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ) ಇವಕ್ಕೆ ಈ ತಲೆನೋವಿಲ್ಲ.

‘ಫ್ರೀ ರಿಟರ್ನ್’ ಎಂಬ ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಇರುವುದನ್ನು ಓದದೆ ಆರ್ಡರ್ ಮಾಡಬೇಡಿ. ಉಚಿತ ವಾಪಸಾತಿ ಬಹುತೇಕ ಕಡೆ ಒಂದು ಗಾತ್ರದವರೆಗೆ ಮಾತ್ರ. ‘ಭಾರಿ ಸರಕು’ ಎಂಬ ಸಾಲು ಕಂಡರೆ ನಿಮ್ಮ ಪಿಯಾನೋ, ಸಬ್‌ವೂಫರ್, ಡ್ರಮ್ ಎಲ್ಲ ಅದರಲ್ಲೇ ಬರುತ್ತವೆ ಎಂದು ಹಿಡಿಯಿರಿ. ಕಾನೂನು ಕೊಟ್ಟಿರುವ ವಾಪಸಾತಿ ಹಕ್ಕೂ ಉಚಿತ ಸಾಗಣೆಯೂ ಬೇರೆ ಬೇರೆ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವನ್ನೇ ನೋಡಿ. ಆನ್‌ಲೈನ್ ಖರೀದಿಯನ್ನು 14 ದಿನದಲ್ಲಿ ಕಾರಣ ಹೇಳದೆ ರದ್ದು ಮಾಡುವ ಹಕ್ಕು ಅಲ್ಲಿದೆ, ಮೊದಲು ತೆತ್ತ ಸಾಮಾನ್ಯ ಡೆಲಿವರಿ ಶುಲ್ಕವೂ ಮರಳಿ ಸಿಗುತ್ತದೆ. ಆದರೆ ವಾಪಸ್ ಕಳಿಸುವ ಖರ್ಚು, ಮಾರಾಟಗಾರರು ತಾವೇ ಭರಿಸುತ್ತೇವೆ ಎನ್ನದಿದ್ದರೆ, ಮತ್ತು ಆ ಖರ್ಚು ನಿಮ್ಮದೆಂದು ಮೊದಲೇ ತಿಳಿಸಿದ್ದರೆ, ಕೊಂಡವರದ್ದೇ.

ಹಾಗಾಗಿ ಫಾರ್ಮಿನ ಕಾರಣದ ಸಾಲಿಗೆ ಇಷ್ಟು ಬೆಲೆ. ‘ದೋಷವಿದೆ’, ‘ಬೇರೆ ವಸ್ತು ಬಂದಿದೆ’, ‘ಸಾಗಣೆಯಲ್ಲಿ ಹಾನಿ’: ಈ ಮೂರರಲ್ಲಿ ಖರ್ಚು ಸಾಮಾನ್ಯವಾಗಿ ಮಾರಾಟಗಾರರದ್ದು. ‘ಇಷ್ಟವಾಗಲಿಲ್ಲ’, ‘ಬೇರೆ ಕಡೆ ಕಡಿಮೆಗೆ ಸಿಕ್ಕಿತು’ ಎಂದರೆ ನಿಮ್ಮದು. ಒಮ್ಮೆ ಒತ್ತಿದ ಮೇಲೆ ‘ನಿಜಕ್ಕೂ ದೋಷವಿತ್ತು’ ಎಂದರೆ ಕೇಳುವವರು ಕಡಿಮೆ. ಹಾಗೆಂದು ಇಲ್ಲದ ದೋಷವನ್ನು ಬರೆಯುವುದೂ ಬೇಡ. ಅಲ್ಲಿ ಪರೀಕ್ಷಿಸುವವರಿದ್ದಾರೆ. ‘ದೋಷ ಕಂಡುಬಂದಿಲ್ಲ’ ಎಂದು ಷರಾ ಬಿದ್ದರೆ ಹೋಗುವ ಖರ್ಚು, ಬರುವ ಖರ್ಚು, ಪರೀಕ್ಷಾ ಶುಲ್ಕ ಮೂರೂ ನಿಮ್ಮ ಮೇಲೆ, ವಸ್ತುವೂ ನಿಮ್ಮ ಬಾಗಿಲಿಗೆ ಮರಳುತ್ತದೆ.

ಈ ಷರಾ ಬೀಳುವುದು ಬಹಳ ಸಲ ಪ್ರಾಮಾಣಿಕರ ಮೇಲೇ. ದೋಷದಂತೆ ಕೇಳಿಸುವ, ಆದರೆ ದೋಷವಲ್ಲದ ಸಂಗತಿಗಳು ಈ ಕ್ಷೇತ್ರದಲ್ಲಿ ರಾಶಿ ಇವೆ. ಹೊರಗಿನ ವಿದ್ಯುತ್ ಬೇಕಾಗುವ ಕಂಡೆನ್ಸರ್ ಮೈಕ್ ಮೌನವಾಗಿದ್ದರೆ, ಆ ವಿದ್ಯುತ್ ಕೊಡುವ ಇಂಟರ್‌ಫೇಸ್‌ನ 48 ವೋಲ್ಟ್ ಫ್ಯಾಂಟಮ್ ಪವರ್ ಗುಂಡಿ ನೋಡಿ. ಆ ವಿದ್ಯುತ್ ಬೇಡದ ಡೈನಮಿಕ್ ಮೈಕಿನ ದನಿ ಸಣ್ಣಗಿದ್ದರೆ ಅದು ಅದರ ಜಾಯಮಾನ. ಈ ಬಗೆಯ ಶೂರ್ ಎಸ್‌ಎಂ7ಬಿ ಮೈಕಿಗೆ 60 ಡೆಸಿಬೆಲ್‌ನಷ್ಟು ಗೇನ್ (ದನಿ ಹಿಗ್ಗಿಸುವ ಶಕ್ತಿ) ಬೇಕು, ಅಗ್ಗದ ಹಲವು ಇಂಟರ್‌ಫೇಸ್‌ಗಳಲ್ಲಿ ಅಷ್ಟು ಇರುವುದಿಲ್ಲ. ಮಾನಿಟರ್ ಸ್ಪೀಕರಿನಲ್ಲಿ ಗುಂಯ್ ಶಬ್ದವೇ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಶಬ್ದ ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಕಡೆಯ ಅರ್ಥಿಂಗ್ ತಂತಿಗಳು ಸುತ್ತಿಕೊಂಡು ಹುಟ್ಟುವ ಸದ್ದು), ಸ್ಪೀಕರ್ ಸರಿಯಿದೆ. ಫೋನಿನ ಸ್ಟೀರಿಯೋ ಪಿನ್ನನ್ನು ಮಿಕ್ಸರಿನ ಬ್ಯಾಲೆನ್ಸ್ಡ್ (ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವ) ಮೈಕ್ ಇನ್‌ಪುಟ್ಟಿಗೆ ನೇರ ಕೊಟ್ಟರೆ ಎಡ ಬಲ ಒಂದನ್ನೊಂದು ಕಳೆದುಕೊಂಡು ಹಾಡುವವರ ದನಿ ಮಾಯವಾಗಿ ಪ್ರತಿಧ್ವನಿ ಮಾತ್ರ ಉಳಿಯುತ್ತದೆ. ಮಿಕ್ಸರ್ ಕೆಟ್ಟಿದೆ ಎಂದು ವಾಪಸ್ ಹೋಗುವುದು ಹೀಗೇ. ಕೀಬೋರ್ಡ್ ಒತ್ತಿದರೂ ಸದ್ದಿಲ್ಲ, ಕಂಪ್ಯೂಟರಿಗೆ ಸಂಕೇತ ಮಾತ್ರ ಹೋಗುತ್ತಿದೆ ಎಂದರೆ ‘ಲೋಕಲ್ ಕಂಟ್ರೋಲ್’ (ಕೀಗಳನ್ನು ವಾದ್ಯದ ಸ್ವಂತ ಸದ್ದಿಗೆ ಜೋಡಿಸುವ ಸೆಟ್ಟಿಂಗ್) ಆಫ್ ಆಗಿರಬಹುದು. ಒತ್ತಿದ ಮೇಲೆ ಕಂಪ್ಯೂಟರಿನಿಂದ ಸದ್ದು ತಡವಾಗಿ ಬಂದರೆ ಬಫರ್ (ಅದು ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಇಳಿಸಿ ನೋಡಿ. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಎಂದರೆ ಒಂದು ದಿಕ್ಕಿಗೇ 21 ಮಿಲಿಸೆಕೆಂಡ್, 128 ಎಂದರೆ ಮೂರಕ್ಕಿಂತ ಕಡಿಮೆ.

ಗಿಟಾರಿನ ತಂತಿ ಝೇಂಕರಿಸಿದರೆ ತಕ್ಷಣ ಫಾರ್ಮ್ ತುಂಬಬೇಡಿ. ದಾರಿಯ ಚಳಿ, ಒಣಹವೆಗೆ ಕುತ್ತಿಗೆ ಸ್ವಲ್ಪ ನೆಟ್ಟಗಾಗಿರಬಹುದು. ಒಂದು ದಿನ ಕೋಣೆಯ ಹವೆಗೆ ಬಿಟ್ಟು, ಆರನೇ (ಅತಿ ದಪ್ಪ) ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಕುತ್ತಿಗೆ ದೇಹಕ್ಕೆ ಸೇರುವ ಫ್ರೆಟ್ಟಿನಲ್ಲೂ ಒತ್ತಿಹಿಡಿದು, ಏಳನೇ ಫ್ರೆಟ್ಟಿನ ಮೇಲೆ ಉಳಿಯುವ ಸಂದು ನೋಡಿ. 0.2–0.3 ಮಿ.ಮೀ. ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ಹೊಂದಿಕೆ ಬೇಕು. ಆದರೆ ಅದನ್ನು ತಿರುಗಿಸುವ ಮೊದಲು ಮಾರಾಟಗಾರರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಇಲ್ಲವಾದರೆ ‘ಬಳಕೆದಾರರು ಬದಲಿಸಿದ್ದಾರೆ’ ಎಂಬ ನೆಪ ಸಿಗುತ್ತದೆ.

ನಿಜವಾದ ದೋಷವೇ ಆಗಿದ್ದರೂ ಇಡೀ ವಾದ್ಯ ಓಡಾಡಬೇಕಿಲ್ಲ. ಒಂದೇ ಕೀ ಅತಿ ಜೋರಾಗಿ ನುಡಿಯುವುದಕ್ಕೆ ಸಾಮಾನ್ಯ ಕಾರಣ ಕೀಗಳ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಕೂತ ಧೂಳು, ಅಥವಾ ಪಟ್ಟಿ ಸರಿಯಾಗಿ ಕೂರದಿರುವುದು. ಸರ್ವಿಸ್ ಸೆಂಟರಿನವರಿಗೆ ಇದು ದೊಡ್ಡ ಕೆಲಸವೇ ಅಲ್ಲ. ವಾರಂಟಿಯಲ್ಲಿ ರಿಪೇರಿ, ಅಥವಾ ವಸ್ತು ಇಟ್ಟುಕೊಂಡು ಭಾಗಶಃ ರೀಫಂಡ್ ಕೇಳಿ. ದೊಡ್ಡ ಡಬ್ಬ ತರಿಸಿಕೊಳ್ಳುವುದು ಮಾರಾಟಗಾರರಿಗೂ ಹೊರೆಯೇ, ಒಪ್ಪುವ ಸಂಭವ ಹೆಚ್ಚು. ವಾರಂಟಿಯಲ್ಲಿ ‘ಕ್ಯಾರಿ ಇನ್’ ಎಂದಿದ್ದರೆ ಮಾತ್ರ ಸೆಂಟರಿಗೆ ಹೊತ್ತೊಯ್ಯುವ ಖರ್ಚು ನಿಮ್ಮದು.

ಸಾಗಣೆಯಲ್ಲಿ ಆದ ಹಾನಿಗೆ ಗಡುವು ಚಿಕ್ಕದು. ಡಬ್ಬ ಜಜ್ಜಿದ್ದರೆ ಸಹಿ ಮಾಡುವಾಗಲೇ ಹಾಗೆಂದು ಬರೆಯಿರಿ. ತೆರೆಯುವ ಮೊದಲು ಆರೂ ಬದಿಯ ಫೋಟೋ, ತೆರೆಯುವಾಗ ಎಲ್ಲೂ ಕತ್ತರಿಸದ ವಿಡಿಯೋ, ಅದರಲ್ಲಿ ವಿಳಾಸದ ಚೀಟಿಯೂ ಸೀರಿಯಲ್ ಸಂಖ್ಯೆಯೂ ಕಾಣಬೇಕು. ಅದೇ ದಿನ ದೂರು ಕೊಡಿ. ವಾಪಸಾತಿಯ ಗಡುವು ಮುಗಿಯುವವರೆಗೆ ಡಬ್ಬ, ಥರ್ಮೋಕೋಲ್, ಕೇಬಲ್ ಕಟ್ಟಿದ ತಂತಿಯ ತುಣುಕನ್ನೂ ಎಸೆಯಬೇಡಿ.

ಕಟ್ಟುವ ರೀತಿ ತಪ್ಪಿದರೆ ವಿಮೆಯೂ ಕೈಕೊಡುತ್ತದೆ. ‘ಅಸಮರ್ಪಕ ಪ್ಯಾಕಿಂಗ್’ ಎಂಬ ಒಂದೇ ಪದಪುಂಜ ಕ್ಲೇಮ್ ತಳ್ಳಿಹಾಕಲು ಸಾಕು. ಕೀಬೋರ್ಡಿನ ಎರಡು ತುದಿಗೆ ಬರುವ ಅಚ್ಚಿನ ಥರ್ಮೋಕೋಲ್ ಕೀಗಳ ಮೇಲೆ ಭಾರ ಬೀಳದಂತೆ ತಡೆಯುತ್ತದೆ. ಅದಿಲ್ಲದೆ ಕೀಗಳ ಮೇಲೆ ಬಬಲ್ ರ್ಯಾಪ್ ಬಿಗಿದರೆ ಪೂರ್ತಿ ಭಾರ ಕೀಗಳ ಮೇಲೆಯೇ. ಅಡಾಪ್ಟರ್, ಪೆಡಲ್ ಸಡಿಲ ಬಿಟ್ಟರೆ ಒಳಗೇ ಗುದ್ದಾಡಿ ಕೀ ಮುರಿಯುತ್ತವೆ. ಗಿಟಾರಿನ ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ಪೂರ್ತಿ ಬಿಚ್ಚಬೇಡಿ. ತಲೆಯ ಎರಡೂ ಬದಿಗೆ, ಕುತ್ತಿಗೆಯ ಕೆಳಗೆ ಕಾಗದ ತುರುಕಿ, ಬಿದ್ದಾಗ ಮುರಿಯುವುದು ಅಲ್ಲೇ. ವಾಲ್ವ್ ಆಂಪ್ಲಿಫೈಯರಿನ ವಾಲ್ವ್‌ಗಳನ್ನು ಕಿತ್ತು ಬೇರೆ ಸುತ್ತಿ. ಟರ್ನ್‌ಟೇಬಲ್ ಆದರೆ ತಟ್ಟೆ, ತೂಕದ ಗುಂಡು ತೆಗೆದು ತೋಳನ್ನು ಕಟ್ಟಿಹಾಕಿ. ಸಿತಾರ್, ತಂಬೂರಿಗಳ ಸೋರೆ ಬುರುಡೆಗೆ ಗಟ್ಟಿ ಪೆಟ್ಟಿಗೆಯೇ ಬೇಕು, ರಟ್ಟು ಸಾಲದು. ಮಾರಾಟಗಾರರು ಕೊಡುವ ರಿಟರ್ನ್ ಅನುಮತಿ ಸಂಖ್ಯೆಯನ್ನು ಹೊರ ಹೊದಿಕೆಯ ಮೇಲೆ ಬರೆಯಿರಿ. ಕಂಪನಿಯ ಮೂಲ ಡಬ್ಬದ ಮೇಲೆ ಪೆನ್ನಿನಲ್ಲಿ ಗೀಚಿದ್ದಕ್ಕೂ ಹಣ ಕಡಿದವರುಂಟು.

ಕೆಲವನ್ನು ತೆರೆದ ಮೇಲೆ ವಾಪಸ್ ಪಡೆಯುವುದೇ ಅಪರೂಪ: ಹಾರ್ಮೋನಿಕಾ, ರೀಡ್, ಮೌತ್‌ಪೀಸ್, ಇಯರ್‌ಫೋನ್, ತಂತಿಯ ಪೊಟ್ಟಣ. ಇಂಟರ್‌ಫೇಸಿನ ಜೊತೆ ಬರುವ ಸಾಫ್ಟ್‌ವೇರ್ ಕೋಡನ್ನು ನೋಂದಾಯಿಸಿದರೆ ಆ ಇಂಟರ್‌ಫೇಸಿನದ್ದೂ ಇದೇ ಗತಿಯಾಗಬಹುದು. ಮೊದಲು ಯಂತ್ರ ಪರೀಕ್ಷಿಸಿ, ಆಮೇಲೆ ಕೋಡ್.

ಲಿಥಿಯಂ ಬ್ಯಾಟರಿ ಇರುವ ಪೋರ್ಟಬಲ್ ಸ್ಪೀಕರ್, ವೈರ್‌ಲೆಸ್ ಮೈಕ್‌ಗಳು ಇನ್ನೊಂದು ಬಲೆ. ಉಬ್ಬಿದ ಅಥವಾ ಕೆಟ್ಟ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವುದು ನಿಷಿದ್ಧ. ಬ್ಯಾಟರಿಯೇ ದೋಷವಾಗಿದ್ದರೆ ಅದನ್ನು ಮುಚ್ಚಿಟ್ಟು ಕಳಿಸಬೇಡಿ, ಪಿಕಪ್ ವ್ಯವಸ್ಥೆ ಮಾರಾಟಗಾರರೇ ಮಾಡಲಿ.

ಬೇರೆ ದೇಶದಿಂದ ತರಿಸಿದ್ದಾದರೆ ಮರಳುವ ದಾರಿಯಲ್ಲಿ ಎರಡು ಸುಂಕದ ಕಟ್ಟೆಗಳಿವೆ. ಇನ್‌ವಾಯ್ಸಿನಲ್ಲಿ ‘ಖರೀದಿಸಿದ ವಸ್ತುವಿನ ವಾಪಸಾತಿ’ ಎಂದು ಬರೆದು ಮೂಲ ಬಿಲ್ಲಿನ ಪ್ರತಿ ಲಗತ್ತಿಸದಿದ್ದರೆ ಅಲ್ಲಿನ ಕಸ್ಟಮ್ಸ್ ಹೊಸ ಆಮದೆಂದು ಸುಂಕ ಹಾಕಬಹುದು, ಅದು ನಿಮ್ಮ ರೀಫಂಡಿನಿಂದಲೇ ಹೋಗುತ್ತದೆ. ನೀವು ಕಟ್ಟಿದ ಆಮದು ಸುಂಕವನ್ನು ಮಾರಾಟಗಾರರು ಕೊಡುವುದಿಲ್ಲ. ಅದನ್ನು ನಿಮ್ಮ ಕಸ್ಟಮ್ಸ್ ಬಳಿಯೇ ಕೇಳಬೇಕು, ವಸ್ತು ಹೊರಡುವ ಮೊದಲೇ. ಮರವನ್ನೂ ನೋಡಿಕೊಳ್ಳಿ. ರೋಸ್‌ವುಡ್ ಕುಲದ ಮರಗಳೆಲ್ಲ 2017ರ ಜನವರಿಯಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ನಿಯಂತ್ರಣಕ್ಕೆ ಬಂದವು. ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಇದೆ. ಬ್ರೆಜಿಲಿಯನ್ ರೋಸ್‌ವುಡ್‌ಗೆ ಮಾತ್ರ ಆ ವಿನಾಯಿತಿ ಇಲ್ಲ, ಅದರ ಹಳೆಯ ಗಿಟಾರನ್ನು ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಜಪ್ತಿಯಾಗಬಹುದು.

ಆರ್ಡರ್ ಮಾಡುವ ಮುನ್ನ ಮಾರಾಟಗಾರರಿಗೆ ಸಂದೇಶ ಕಳಿಸಿ ಇಷ್ಟನ್ನು ಕೇಳಿ: ಪ್ಯಾಕ್ ಮಾಡಿದ ಡಬ್ಬದ ಮೂರೂ ಅಳತೆ ಎಷ್ಟು? ಇಷ್ಟವಾಗದೆ ಕಳಿಸಿದರೆ ಪಿಕಪ್ ನಿಮ್ಮದೋ ನಮ್ಮದೋ, ಕಡಿತ ಶೇಕಡಾ ಎಷ್ಟು? ದೋಷವಿದ್ದರೆ ನಾವು ಮುಂಗಡ ಕೊಟ್ಟು ಆಮೇಲೆ ಪಡೆಯಬೇಕೋ, ಅಥವಾ ನೀವೇ ಲೇಬಲ್ ಕಳಿಸುತ್ತೀರೋ? ವಾಪಸ್ ಕಳಿಸಬೇಕಾದ ವಿಳಾಸ ಯಾವ ದೇಶದ್ದು? ಫೋನಿನಲ್ಲಿ ಕೇಳಿದ ಉತ್ತರ ಲೆಕ್ಕಕ್ಕಿಲ್ಲ, ಬರಹದಲ್ಲಿ ಬಂದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನ ಜೊತೆ ಇಡಿ. ಎರಡು ದಿನವಾದರೂ ಉತ್ತರವೇ ಬರದಿದ್ದರೆ ಆ ಅಂಗಡಿಯಲ್ಲಿ ಕೇಬಲ್ ಕೊಳ್ಳಿ, ಪಿಯಾನೋ ಬೇಡ.