ಹಗುರ ಟ್ರೇಲ್ ಶೂ: ಬಾಕ್ಸ್ ಮೇಲೆ 221 ಗ್ರಾಂ, ಹಳ್ಳ ದಾಟಿದ ಮೇಲೆ ಎಷ್ಟು?

ಹೋದ ವರ್ಷ ಏಪ್ರಿಲಲ್ಲಿ ತಗೊಂಡ ಹಗುರ ಟ್ರೇಲ್ ರನ್ನಿಂಗ್ ಶೂಗೆ, ಅಂದ್ರೆ ಬೆಟ್ಟ, ಕಾಡುದಾರಿಲಿ ಓಡೋಕೆ ಮಾಡಿದ ಶೂಗೆ, ಈಗ 640 ಕಿಲೋಮೀಟರ್ ಆಯ್ತು. ಅದ್ರಲ್ಲಿ ಅರ್ಧ ಬೆಂಗಳೂರಿನ ಒಣ ಕಡೆ, ತುರಹಳ್ಳಿ ಸುತ್ತ, ಸ್ಕಂದಗಿರಿ, ಮಾಕಳಿದುರ್ಗ, ಇನ್ನರ್ಧ ಊರಲ್ಲಿ, ಅಂದ್ರೆ ಕೊಪ್ಪದ ಹತ್ರ ಅಡಿಕೆ ಕಾಫಿ ತೋಟದ ದಾರಿಗಳಲ್ಲಿ. ನೆಟ್ಟಲ್ಲಿ ಹುಡುಕಿದ್ರೆ ಸಿಗೋ ರಿವ್ಯೂ ಎಲ್ಲಾ ಬೇರೆ ದೇಶದ ಬೆಟ್ಟದಲ್ಲಿ ಓಡಿದವ್ರದ್ದು, ಅವ್ರಿಗೆ ಇಂಬಳ ಗೊತ್ತಿಲ್ಲ, ಬಳ್ಳಾರಿ ಜಾಲಿ ಮುಳ್ಳು ಗೊತ್ತಿಲ್ಲ, ಮಳೆಗಾಲದ ಕಾಲುಸಂಕ ಗೊತ್ತಿಲ್ಲ, ಅದಕ್ಕೇ ನಮ್ಮ ದಾರಿಲಿ ಈ ಥರ ಶೂ ಹೇಗೆ ನಡ್ಕೊಳ್ತವೆ ಅಂತ ನನ್ನದು ಮತ್ತು ನಮ್ಮ ಓಟದ ಗುಂಪಿನ ಏಳು ಜನರದ್ದು ಅನುಭವ ಸೇರಿಸಿ ಬರೀತಿದ್ದೀನಿ. ನನ್ನ ಶೂ ಯಾವ ಕಂಪನಿದು ಅಂತ ಹಾಕ್ತಿಲ್ಲ. ಒಂದು ಜೊತೆ ನೋಡಿ ಇಡೀ ಕಂಪನಿಗೆ ತೀರ್ಪು ಕೊಡೋದು ನ್ಯಾಯ ಅಲ್ಲ, ಆಮೇಲೆ ಇಲ್ಲಿ ಹೇಳೋ ಗುಣದೋಷ ಎಲ್ಲಾ 200ರಿಂದ 250 ಗ್ರಾಂ ಒಳಗಿನ ಯಾವ ಶೂಗಾದ್ರೂ ಹೆಚ್ಚುಕಮ್ಮಿ ಹೊಂದುತ್ತೆ.

ಮೊದಲು ತೂಕ ಯಾಕೆ ಮುಖ್ಯ ಅಂತ ಹೇಳ್ಬಿಡ್ತೀನಿ. ಒಂದೊಂದು ಶೂಗೆ 100 ಗ್ರಾಂ ಜಾಸ್ತಿ ಆದ್ರೆ ಅದೇ ವೇಗದಲ್ಲಿ ಓಡೋಕೆ ದೇಹಕ್ಕೆ ಸುಮಾರು ಶೇ 1ರಷ್ಟು ಹೆಚ್ಚು ಶಕ್ತಿ ಬೇಕು ಅಂತ ಓಟಗಾರರನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದವ್ರು ಕಂಡ್ಕೊಂಡಿದ್ದಾರೆ. ಶೇ 1 ಅಂದ್ರೆ ಏನೂ ಅಲ್ಲ ಅನ್ಸುತ್ತೆ. ಆದ್ರೆ ಮಲ್ನಾಡ್ ಅಲ್ಟ್ರಾ ಥರದ್ದು 50 ಕಿಲೋಮೀಟರ್ ಓಟ ಅಂತ ಇಟ್ಕೊಳ್ಳಿ, ಒಂದು ಹೆಜ್ಜೆ ಒಂದು ಮೀಟರ್ ಅಂದ್ರೂ 50 ಸಾವಿರ ಹೆಜ್ಜೆ, ಒಂದೊಂದು ಹೆಜ್ಜೆಗೆ 100 ಗ್ರಾಂ ಹೆಚ್ಚು ಎತ್ತಿದ್ರೆ ಐದು ಟನ್, ಅಂದ್ರೆ 50 ಕೆಜಿದು ನೂರು ಕಾಫಿ ಮೂಟೆ. ತೋಟದಲ್ಲಿ ಮೂಟೆ ಹೊತ್ತಿರೋ ಯಾರಿಗಾದ್ರೂ ಇದು ತಕ್ಷಣ ಅರ್ಥ ಆಗುತ್ತೆ. ಇದರ ಜೊತೆ ಏರಿನಲ್ಲಿ ಇನ್ನೊಂದು ಸಂಗತಿ ಇದೆ, ಹಗುರ ಶೂಲಿ ಕಾಲು ಎಲ್ಲಿಡ್ಬೇಕು ಅಂದ್ಕೊಂಡ್ವೋ ಅಲ್ಲೇ ಬೀಳುತ್ತೆ, ದಪ್ಪ ಸೋಲಿದ್ದು ಹಾಕ್ಕೊಂಡ್ರೆ ಸುಸ್ತಾದ ಮೇಲೆ ತುದಿ ಬೇರಿಗೆ ತಗಲೋಕೆ ಶುರು ಆಗುತ್ತೆ.

ಬಾಕ್ಸ್ ಮೇಲೆ ಬರೆದಿರೋ ಗ್ರಾಂ ಸಾಮಾನ್ಯವಾಗಿ ಕಂಪನಿಯವ್ರು ಒಂದು ನಡುವಿನ ಸೈಜಿಗೆ ತೂಗಿದ್ದು, ನಿಮ್ಮ ಸೈಜಿಗಲ್ಲ. ನನ್ನ ಬಾಕ್ಸಲ್ಲಿ 221 ಅಂತಿತ್ತು, ನಂದು 9ನೇ ಸೈಜು, ಮನೆ ಅಡುಗೆ ತಕ್ಕಡಿಲಿ ಇಟ್ರೆ 236. ಇಷ್ಟು ವ್ಯತ್ಯಾಸ ಪರವಾಗಿಲ್ಲ. ನಿಜವಾದ ವಿಷ್ಯ ಗೊತ್ತಾಗಿದ್ದು ಹೋದ ಜುಲೈಲಿ ಊರಿಗೆ ಹೋದಾಗ. ಬೆಳಿಗ್ಗೆ ಎಂಟು ಕಿಲೋಮೀಟರ್ ಓಡೋಷ್ಟರಲ್ಲಿ ಮೂರು ಹಳ್ಳ ದಾಟ್ಬೇಕು, ಮೊಣಕಾಲಿನ ತನಕ ನೀರು, ನನ್ನ ಹತ್ರ ಈ ಹಗುರದ್ದೂ ಇತ್ತು, ಹಳೇದು ನೀರು ಒಳಗೆ ಬರದ ಹಾಗೆ ಪದರ ಹಾಕಿರೋ ಇನ್ನೊಂದು ಜೊತೆನೂ ಇತ್ತು, ಒಂದೊಂದು ದಿನ ಒಂದೊಂದು ಹಾಕ್ಕೊಂಡು ಓಡ್ದೆ. ಹಳೇದ್ರಲ್ಲಿ ಮೊದಲ ಹಳ್ಳ ಆದ್ಮೇಲೆ ಕಾಲಲ್ಲಿ ಕೊಡಪಾನ ಕಟ್ಕೊಂಡ ಹಾಗಾಯ್ತು. ಆ ಪದರ ಹೊರಗಿನ ನೀರನ್ನ ತಡೆಯೋದೇನೋ ನಿಜ, ಆದ್ರೆ ಕಣಕಾಲಿನ ಹತ್ರ ಮೇಲಿಂದ ಒಮ್ಮೆ ನೀರು ಒಳಗೆ ಹೋದ್ರೆ ಅದೇ ಪದರ ಆ ನೀರನ್ನ ಹೊರಗೂ ಬಿಡಲ್ಲ.

ಮನೆಗೆ ಬಂದು ಸರಿಯಾಗಿ ತೂಗೋಣ ಅಂತ ತಕ್ಕಡಿ ತಗೊಂಡೆ. ಅಮ್ಮ ‘ಅಕ್ಕಿ ತೂಗೋ ತಕ್ಕಡಿ ಮೇಲೆ ಶೂ ಇಡ್ತಿಯೇನೋ’ ಅಂದ್ರು, ಪ್ಲಾಸ್ಟಿಕ್ ಕವರ್ ಹಾಸಿ ಇಡ್ತೀನಿ ಅಂತ ಒಪ್ಪಿಸ್ದೆ. ಎರಡೂ ಶೂನ ಬಕೆಟ್ ನೀರಲ್ಲಿ ಐದು ನಿಮಿಷ ಮುಳುಗಿಸಿ ಎತ್ತಿ ತೂಗ್ದೆ, ಆಮೇಲೆ ಹಾಕ್ಕೊಂಡು ಅಂಗಳದಲ್ಲಿ ಹತ್ತು ನಿಮಿಷ ಓಡಾಡಿ ಮತ್ತೆ ತೂಗ್ದೆ. ಹಗುರದ್ದು ಒಣಗಿದ್ದಾಗ 236, ನೀರಿಂದ ಎತ್ತಿದಾಗ 330, ಹತ್ತು ನಿಮಿಷದ ಮೇಲೆ 292. ಹಳೇದು ಒಣಗಿದ್ದಾಗ 345, ಎತ್ತಿದಾಗ 510, ಹತ್ತು ನಿಮಿಷದ ಮೇಲೂ 485. ನೋಡಿ, ಒಣಗಿದ್ದಾಗ ಎರಡಕ್ಕೂ 109 ಗ್ರಾಂ ವ್ಯತ್ಯಾಸ ಇದ್ದದ್ದು ನೆನೆದ ಮೇಲೆ 193 ಆಯ್ತು. ಮಲೆನಾಡಲ್ಲಿ ಜೂನಿಂದ ಅಕ್ಟೋಬರ್ ತನಕ ಶೂ ಒಣಗಿರೋದೇ ಇಲ್ಲ, ಹಾಗಾಗಿ ನಮಗೆ ಲೆಕ್ಕಕ್ಕೆ ಬರೋದು ಕೊನೇ ನಂಬರ್ ಮಾತ್ರ. ಒಂದೇ ಬೇಜಾರು ಅಂದ್ರೆ ಆ ನಂಬರ್ ಯಾವ ಬಾಕ್ಸ್ ಮೇಲೂ ನಾನು ನೋಡಿಲ್ಲ.

ನೀರು ಎಲ್ಲಿ ಕೂತ್ಕೊಳ್ಳುತ್ತೆ ಅಂತ ಒಂದೊಂದೇ ಬಿಚ್ಚಿ ನೋಡ್ದೆ. ನಡುವಿನ ಫೋಮ್ ಅಷ್ಟೇನೂ ಕುಡಿಯಲ್ಲ, ಕುಡಿಯೋದು ಒಳಗಿನ ಇನ್‌ಸೋಲ್, ನಾಲಿಗೆಯ ಮೆತ್ತೆ, ಹಿಮ್ಮಡಿ ಸುತ್ತ ಇರೋ ಮೆತ್ತೆ. ಹಾಗಾಗಿ ಅಂಗಡಿಲಿ ಶೂ ಕೈಲಿ ಹಿಡಿದಾಗ ನಾಲಿಗೆ ತೆಳ್ಳಗಿದೆಯಾ, ಹಿಮ್ಮಡಿ ಹತ್ರ ಸ್ಪಂಜ್ ಕಮ್ಮಿ ಇದೆಯಾ, ಬೆಳಕಿಗೆ ಹಿಡಿದ್ರೆ ಮುಂಭಾಗದ ಬಲೆಯಲ್ಲಿ ಬೆಳಕು ಕಾಣುತ್ತಾ ಅಂತ ನೋಡಿ. ಅಂಗಡಿಯವ್ರು ಹಿಮ್ಮಡಿ ಒತ್ತಿ ‘ಎಷ್ಟು ಸಾಫ್ಟ್ ಇದೆ ನೋಡಿ ಸಾರ್’ ಅಂದ್ರೆ ಮಲೆನಾಡಿಗೆ ಆ ಸಾಫ್ಟೇ ಭಾರ.

ಇನ್ನು ಹಿಡಿತದ ವಿಷ್ಯ. ಸೋಲ್ ಅಡಿಯಲ್ಲಿ ಎದ್ದು ನಿಂತಿರೋ ಲಗ್ಸ್ ಉದ್ದ ಇದ್ದಷ್ಟೂ ಒಳ್ಳೇದು ಅಂತ ನಾನೂ ನಂಬಿದ್ದೆ. ಕೆಸರಿಗೆ ಅದು ನಿಜ. ಇನೋವ್-8 ಅನ್ನೋ ಬ್ರಿಟಿಷ್ ಕಂಪನಿ ಹೆಸರು ಕೇಳಿರ್ತೀರಿ, ಶೂ ಹೆಸರಲ್ಲೇ ತೂಕ ಹಾಕ್ತಿದ್ದವ್ರು ಅವ್ರು, ಎಕ್ಸ್-ಟ್ಯಾಲನ್ 212 ಅಂದ್ರೆ 212 ಗ್ರಾಂ ಅಂತ. ಅಲ್ಲಿನ ಬೆಟ್ಟದ ಓಟ ಅಂದ್ರೆ ಒದ್ದೆ ಹುಲ್ಲು, ಜವುಗು, ಕೆಸರು, ಹಾಗಾಗಿ ಅಂಥಾ ಶೂಗಳ ಲಗ್ಸ್ ಉದ್ದ, ಒಂದಕ್ಕೊಂದು ದೂರ, ಮಧ್ಯೆ ಮಣ್ಣು ನಿಲ್ಲದೆ ಉದುರಿ ಹೋಗುತ್ತೆ. ನಮ್ಮ ತೋಟದ ಕೆಂಪು ಅಂಟು ಮಣ್ಣಿಗೆ ಈ ವಿನ್ಯಾಸ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಅದೇ ಲಗ್ಸ್ ಹಾಕ್ಕೊಂಡು ಅಡಿಕೆ ಮರದ ಕಾಲುಸಂಕದ ಮೇಲೆ ಕಾಲಿಟ್ರೆ ಮರಕ್ಕೆ ತಾಗೋದು ಆ ತುದಿಗಳು ಮಾತ್ರ, ಉಳಿದ ರಬ್ಬರ್ ಗಾಳಿಲಿರುತ್ತೆ. ಆಗಸ್ಟಲ್ಲಿ ಒಂದು ಸಂಕದ ಮೇಲೆ ನಾನು ಜಾರಿ ಕುದುರೆ ಮೇಲೆ ಕೂತ ಹಾಗೆ ಕೂತ್ಬಿಟ್ಟೆ, ಕೆಳಗೆ ಕೆಂಪು ನೀರು ಭರ್ರಂತ ಹೋಗ್ತಿತ್ತು, ನಿಜವಾಗ್ಲೂ ಹೆದರಿಕೆ ಆಯ್ತು. ಆವತ್ತಿಂದ ಸಂಕ ಬಂದ್ರೆ ಓಡಲ್ಲ, ಅಡ್ಡ ಹೆಜ್ಜೆ ಹಾಕ್ಕೊಂಡು ದಾಟ್ತೀನಿ. ಮಳೆಗಾಲದಲ್ಲಿ ಓಡೋ ಎಲ್ಲರೂ ದಯವಿಟ್ಟು ಹಾಗೇ ಮಾಡಿ, ಯಾವ ಶೂ ಆದ್ರೂ ಸರಿ.

ಪಾಚಿ ಕಟ್ಟಿದ ಕಲ್ಲಿಗೂ ಇದೇ ಮಾತು. ಅಲ್ಲಿ ಲಗ್ಸ್ ಉದ್ದಕ್ಕಿಂತ ರಬ್ಬರ್ ಎಷ್ಟು ಮೆತ್ತಗಿದೆ ಅನ್ನೋದು ಮುಖ್ಯ. ನಮ್ಮ ಗುಂಪಲ್ಲಿ ಇಬ್ರ ಶೂಗೆ ವೈಬ್ರಮ್ ಕಂಪನಿಯ ಮೆಗಾಗ್ರಿಪ್ ಅನ್ನೋ, ಒದ್ದೆಲೂ ಹಿಡಿಯೋ ರಬ್ಬರಿನ ಸೋಲ್ ಇದೆ, ಒದ್ದೆ ಬಂಡೆ ಮೇಲೆ ಅವ್ರು ನನಗಿಂತ ಧೈರ್ಯವಾಗಿ ಇಳೀತಾರೆ, ಪಕ್ಕದಲ್ಲೇ ಇಳಿದು ನೋಡಿದೀನಿ. ಮೆತ್ತನೆ ರಬ್ಬರ್ ಬೇಗ ಸವೆಯುತ್ತೆ, ಅದು ಅದರ ಬೆಲೆ. ಸ್ಕಂದಗಿರಿ, ಸಾವನದುರ್ಗ ಕಡೆ ಒಣ ಗ್ರಾನೈಟ್ ಬಂಡೆಗೆ ಉದ್ದ ಲಗ್ಸ್ ಬೇಡವೇ ಬೇಡ, 3 ಅಥವಾ 4 ಮಿಲಿಮೀಟರ್ ಸಾಕು, ಬಂಡೆ ಉಜ್ಜಿ ಉಜ್ಜಿ ಉದ್ದದ್ದನ್ನ ಒಂದೇ ಬೇಸಿಗೆಲಿ ತಿಂದ್ಹಾಕುತ್ತೆ.

ಮುಳ್ಳು. ಬಯಲುಸೀಮೆ ಕಡೆ ಓಡೋರು ಇದನ್ನ ಸ್ವಲ್ಪ ಗಮನ ಇಟ್ಟು ಓದಿ. ಹಗುರ ಮಾಡೋಕೆ ಕಂಪನಿಗಳು ಮೊದಲು ತೆಗೆಯೋದು ಸೋಲ್ ಒಳಗಿರೋ ರಾಕ್ ಪ್ಲೇಟನ್ನ, ಅಂದ್ರೆ ಚೂಪು ಕಲ್ಲು ಒತ್ತದಿರಲಿ ಅಂತ ಹಾಕೋ ತೆಳು ಪ್ಲಾಸ್ಟಿಕ್ ಹಾಳೆ. ನನ್ನದ್ರಲ್ಲಿ ಅದಿಲ್ಲ. ಮಾಕಳಿದುರ್ಗದ ಕಡೆಯಿಂದ ಇಳಿಯೋವಾಗ ಬಳ್ಳಾರಿ ಜಾಲಿದು ಒಣಗಿದ ಮುಳ್ಳು ಲಗ್ಸ್ ನಡುವಿನ ತೆಳ್ಳಗಿರೋ ಜಾಗದಲ್ಲಿ ನೇರ ಒಳಗೆ ಬಂದು ಹೆಬ್ಬೆರಳಿನ ಬುಡಕ್ಕೆ ಚುಚ್ತು, ಕಿತ್ತಾಗ ತುದಿ ಒಳಗೇ ಮುರಿದು ಉಳೀತು, ವಾರ ಪೂರ್ತಿ ಓಡಲಿಲ್ಲ. ನೆಗ್ಗಿಲು ಮುಳ್ಳು ಅಷ್ಟು ಆಳಕ್ಕೆ ಹೋಗಲ್ಲ, ಸೋಲಿಗೆ ಅಂಟ್ಕೊಂಡು ಬರುತ್ತೆ ಅಷ್ಟೆ. ಕುರಿ ಮೇಯೋ ಬಯಲು, ಕೆರೆ ಅಂಗಳ, ಜಾಲಿ ಬೆಳೆದಿರೋ ಜಾಗ ನಿಮ್ಮ ದಾರಿ ಆಗಿದ್ರೆ 30 ಗ್ರಾಂ ಜಾಸ್ತಿ ಆದ್ರೂ ಪ್ಲೇಟ್ ಇರೋದನ್ನೇ ತಗೊಳ್ಳಿ.

ಅಗಲ ಪಾದದವ್ರ ಕಷ್ಟ ಬೇರೆ. ನಮ್ಮಲ್ಲಿ ಬಹಳ ಜನ ಚಿಕ್ಕಂದಿನಿಂದ ಬರಿಗಾಲು, ಚಪ್ಪಲಿ, ಬೆರಳುಗಳು ಚೆನ್ನಾಗಿ ಹರಡಿರ್ತವೆ, ಹಗುರ ರೇಸ್ ಶೂಗಳೋ ಮುಂದೆ ದೋಣಿ ಮೂತಿ ಥರ ಚೂಪು. ನಮ್ಮ ಗುಂಪಿನ ಒಬ್ರು ಅಕ್ಕ ಮೂರು ಜೊತೆ ಬದಲಾಯಿಸಿ ಕೊನೆಗೆ ಮುಂಭಾಗ ಪಾದದ ಆಕಾರದಲ್ಲೇ ಇರೋ ಝೀರೋ ಡ್ರಾಪ್ ಶೂ ತಗೊಂಡ್ರು, ಅಂದ್ರೆ ಹಿಮ್ಮಡಿ, ಮುಂಗಾಲು ಎರಡೂ ಒಂದೇ ಎತ್ತರದಲ್ಲಿರೋದು. ಬೆರಳಿಗೆ ಆರಾಮ ಸಿಕ್ತು, ಆದ್ರೆ ಖುಷಿಲಿ ಮೊದಲ ವಾರವೇ 18 ಕಿಲೋಮೀಟರ್ ಓಡಿ ಮೀನಖಂಡ ಹಿಡ್ಕೊಂಡು ಹತ್ತು ದಿನ ಮೆಟ್ಟಿಲು ಹತ್ತೋಕೂ ಆಗಲಿಲ್ಲ. ಎತ್ತರದ ಹಿಮ್ಮಡಿಗೆ ಒಗ್ಗಿದ ಸ್ನಾಯುಗೆ ದಿಢೀರ್ ಅಂತ ಹೆಚ್ಚು ಎಳೆತ ಬಿದ್ರೆ ಆಗೋದು ಹೀಗೇ. ನಾನು 4 ಮಿಲಿಮೀಟರ್ ಡ್ರಾಪಿಗೆ ಬರೋವಾಗ್ಲೂ ಎರಡು ತಿಂಗಳು ತಗೊಂಡೆ, ಮೊದಲು ವಾರಕ್ಕೆ ಒಂದೇ ದಿನ, ಅದೂ ಮೂರು ನಾಲ್ಕು ಕಿಲೋಮೀಟರ್. ಈಗ ಆ ಅಕ್ಕ ಅದೇ ಶೂಲಿ ಮುಳ್ಳಯ್ಯನಗಿರಿ ಕಡೆ ನಮಗಿಂತ ಮುಂದೆ ಇಳೀತಾರೆ.

ಸೈಜ್ ಬಗ್ಗೆ ಒಂದೇ ಮಾತು, ಅರ್ಧ ಸೈಜ್ ದೊಡ್ಡದು ತಗೊಳ್ಳಿ, ಸಂಜೆ ಹೊತ್ತು ಹೋಗಿ ಹಾಕಿ ನೋಡಿ, ಇಳಿಜಾರಲ್ಲಿ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗೋದು ತಪ್ಪುತ್ತೆ.

ಇಂಬಳದ ಬಗ್ಗೆ ಎಲ್ಲರೂ ಕೇಳ್ತಾರೆ. ತೆಳು ಬಲೆ ಇರೋ ಶೂ ಅಂದ್ರೆ ಹೆಚ್ಚು ಹತ್ತುತ್ತೆ ಅಂತ ನಾನೂ ಅಂದ್ಕೊಂಡಿದ್ದೆ, ಆದ್ರೆ ಎರಡು ಮಳೆಗಾಲ ನೋಡಿದ್ಮೇಲೆ ಹೇಳ್ತೀನಿ, ನನಗೆ ಹತ್ತಿದ್ದೆಲ್ಲಾ ಹೆಚ್ಚುಕಮ್ಮಿ ಕಣಕಾಲಿನ ಹತ್ರ ಮೇಲಿಂದಲೇ. ಹಾಗಾಗಿ ಶೂಗಿಂತ ಸಾಕ್ಸ್ ಮುಖ್ಯ, ಒತ್ತಾಗಿ ನೇಯ್ದ ಉದ್ದ ಸಾಕ್ಸ್. ಅಣ್ಣ ಹೇಳಿಕೊಟ್ಟಿದ್ದು ಹೊಗೆಸೊಪ್ಪು ನೆನೆಸಿದ ನೀರಲ್ಲಿ ಸಾಕ್ಸ್ ಅದ್ದಿ ಒಣಗಿಸೋದು, ಮೊದಲ ಹಳ್ಳದ ತನಕ ಚೆನ್ನಾಗಿ ಕೆಲಸ ಮಾಡುತ್ತೆ, ಆಮೇಲೆ ನೀರಲ್ಲಿ ತೊಳೆದು ಹೋಗುತ್ತೆ. ನಿಂತ್ರೆ ಹತ್ತುತ್ತೆ, ಓಡ್ತಾ ಇದ್ರೆ ಕಮ್ಮಿ. ಸುಣ್ಣ, ಉಪ್ಪು ಸಣ್ಣ ಡಬ್ಬೀಲಿ ಇಟ್ಕೊಂಡಿರ್ತೀನಿ.

ಒಣಗಿಸೋದ್ರಲ್ಲಿ ನಮ್ಮವರೇ ಒಬ್ರು ಒಳ್ಳೇ ಶೂ ಹಾಳು ಮಾಡ್ಕೊಂಡ್ರು. ಮಳೆಗಾಲದಲ್ಲಿ ಬಿಸಿಲಿಲ್ಲ ಅಂತ ಬಚ್ಚಲೊಲೆ ಪಕ್ಕ ರಾತ್ರಿ ಪೂರ್ತಿ ಇಟ್ರು, ಬೆಳಿಗ್ಗೆ ನೋಡಿದ್ರೆ ಸೋಲ್ ಅಂಚು ಬಿಟ್ಕೊಂಡಿದೆ, ಫೋಮ್ ಕುಗ್ಗಿ ಗಟ್ಟಿ ಆಗಿದೆ. ಈ ಶೂಗಳಲ್ಲಿ ಹೊಲಿಗೆಗಿಂತ ಅಂಟೇ ಹೆಚ್ಚು, ಬೆಂಕಿ ಶಾಖ ತಡೆಯಲ್ಲ. ಇನ್‌ಸೋಲ್ ತೆಗೆದು, ಲೇಸ್ ಸಡಿಲ ಮಾಡಿ, ಒಳಗೆ ನ್ಯೂಸ್ ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆ ಬಿಟ್ಟು ಪೇಪರ್ ಬದಲಾಯಿಸಿ, ಫ್ಯಾನ್ ಕೆಳಗಿಡಿ. ಬೆಳಿಗ್ಗೆಗೆ ಮುಕ್ಕಾಲು ಪಾಲು ಒಣಗಿರುತ್ತೆ.

ಬಾಳಿಕೆ ವಿಷ್ಯದಲ್ಲಿ ಮನಸ್ಸಿಗೆ ನೋವಾಗಿದೆ, ಹೇಳ್ಲೇಬೇಕು. 11 ಸಾವಿರ ಕೊಟ್ಟಿದ್ದು, 430 ಕಿಲೋಮೀಟರಿಗೇ ಕಿರುಬೆರಳಿನ ಹತ್ರ ಬಲೆ ಹರೀತು. ಅಂಗಡಿಗೆ ತಗೊಂಡು ಹೋದ್ರೆ ಬಳಕೆಯಿಂದ ಆಗಿದ್ದು, ವಾರಂಟಿ ಬರಲ್ಲ ಅಂದ್ರು. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ರ ಕೂರೋ ಚಪ್ಪಲಿ ರಿಪೇರಿಯವ್ರು ಒಳಗಿಂದ ತೆಳು ರೆಕ್ಸಿನ್ ತುಂಡಿಟ್ಟು ನೈಲಾನ್ ದಾರದಲ್ಲಿ ಹೊಲಿದು ಕೊಟ್ರು, 120 ರೂಪಾಯಿ, ಆಮೇಲೆ 210 ಕಿಲೋಮೀಟರ್ ಓಡಿದೀನಿ, ಆ ಹೊಲಿಗೆ ಒಂದು ಎಳೆನೂ ಬಿಟ್ಟಿಲ್ಲ. ಹೊಸ ಶೂ ತಂದ ದಿನವೇ ಆ ಜಾಗಕ್ಕೆ ಒಳಗಿಂದ ಹೀಗೆ ಮಾಡಿಸಿಬಿಡಿ ಅಂತ ಈಗ ಗುಂಪಲ್ಲಿ ಎಲ್ಲರಿಗೂ ಹೇಳ್ತಿದ್ದೀನಿ, ಇಬ್ರು ಮಾಡಿಸಿದ್ದಾರೆ.

ಯಾರಿಗೆ ಬೇಡ ಅಂದ್ರೆ, ಈಗಷ್ಟೇ ಓಟ ಶುರು ಮಾಡಿರೋರಿಗೆ ಬೇಡ, ಡಾಂಬರು ರೋಡಲ್ಲೇ ಮುಕ್ಕಾಲು ಓಡೋರಿಗೂ ಬೇಡ, ಒಂದೇ ಜೊತೆ ಕೊಳ್ಳೋಕೆ ಆಗೋದು ಅನ್ನೋರು ಸ್ವಲ್ಪ ದಪ್ಪದ್ದನ್ನೇ ತಗೊಳ್ಳಿ, ಡೆಕಾಥ್ಲಾನಲ್ಲಿ ಕಮ್ಮಿ ದುಡ್ಡಿಗೂ ಟ್ರೇಲ್ ಶೂ ಸಿಗ್ತವೆ. ಕಾಲು ಗಟ್ಟಿ ಆದ್ಮೇಲೆ, ಮಳೆಗಾಲದಲ್ಲಿ ಹಳ್ಳ ತೋಟ ಅಂತ ಓಡೋರಿಗೆ ಹಗುರ ಶೂ ಕೊಡೋ ಸುಖ ಬೇರೆ ಯಾವುದೂ ಕೊಡಲ್ಲ, ನೀರಿಂದ ಎದ್ದು ನಾಲ್ಕು ಹೆಜ್ಜೆ ಹಾಕೋಷ್ಟರಲ್ಲಿ ಪಚಕ್ ಪಚಕ್ ಶಬ್ದ ನಿಂತು ಕಾಲು ಮತ್ತೆ ನಮ್ಮದಾಗುತ್ತೆ.

ಹೋದ ವಾರ ಎರಡನೇ ಜೊತೆ ತಗೊಂಡೆ, ಈ ಸಲ ಮೆತ್ತನೆ ರಬ್ಬರ್, 4 ಮಿಲಿಮೀಟರ್ ಲಗ್ಸ್, ತೆಳು ಪ್ಲೇಟ್ ಇದೆ. ಒಣಗಿದ್ದಾಗ 248, ಬಕೆಟ್ಟಿಂದ ಎತ್ತಿದಾಗ 321, ಹತ್ತು ನಿಮಿಷದ ಮೇಲೆ 287. ಮೊದಲ ಹಗುರ ಜೊತೆಗಿಂತ ಒಣಗಿದ್ದಾಗ 12 ಗ್ರಾಂ ಜಾಸ್ತಿ ಇದ್ರೂ ನೆನೆದ ಮೇಲೆ 5 ಗ್ರಾಂ ಕಮ್ಮಿ. ಕಿರುಬೆರಳಿನ ಹತ್ರ ಹೊಲಿಗೆ ಆಗ್ಲೇ ಹಾಕಿಸಿದೀನಿ. ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಟಿದೀನಿ, ಮೂರನೇ ಹಳ್ಳ ಸಂಕದ ಮಟ್ಟಕ್ಕೆ ಬಂದಿದೆಯಂತೆ, ಅಣ್ಣ ಎರಡನೇ ಹಳ್ಳದ ತನಕ ಮಾತ್ರ ಓಡು ಅಂದಿದ್ದಾನೆ.